‘ತಕರಾರು ಇಲ್ಲ’ ಅನ್ನುವ ಮೊದಲು: ಮುಂಬೈಯಲ್ಲಿ ನಮ್ಮವರನ್ನು ಪೊಲೀಸರು ಹಿಡಿದುಕೊಂಡು ಹೋದರೆ

ಮುಂಬೈಯ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನ ಗೇಟಿನ ಹೊರಗೆ ನನ್ನ ಟೈಪಿಂಗ್ ಟೇಬಲ್ ಇದೆ. ಇಪ್ಪತ್ತೊಂದು ವರ್ಷ ಆಯಿತು. ಮೊದಲು ಮರಾಠಿ ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪು, ಪ್ರಿಂಟರು, ಮಳೆಗಾಲಕ್ಕೊಂದು ನೀಲಿ ತಾಡಪಾಲು. ವಕೀಲರು ಹೇಳಿದ್ದನ್ನು ಹೊಡೆದುಕೊಡುವುದು ನನ್ನ ಕೆಲಸ. ನಾನು ವಕೀಲಳಲ್ಲ. ಅಪ್ಪ ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ದೋಸೆ ಹುಯ್ದವರು. ನಾನು ಏಳನೇ ಕ್ಲಾಸಿನ ತನಕ ಪಾಲಿಕೆಯ ಕನ್ನಡ ಶಾಲೆ, ಆಮೇಲೆ ಮರಾಠಿ. ಹೀಗಾಗಿ ಎರಡೂ ಭಾಷೆ ಬರುತ್ತದೆ, ಅಷ್ಟೇ ನನ್ನ ಬಂಡವಾಳ.

2025ರ ಜುಲೈಯಲ್ಲಿ ಒಂದು ಬೆಳಿಗ್ಗೆ ಮನೆಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಒಬ್ಬ ಹೆಂಗಸು ಓಡಿ ಬಂದಳು. “ಅಕ್ಕಾರ, ನೀವು ಕನ್ನಡ ಮಾತಾಡೋದು ಕೇಳಿ ಬಂದೀನ್ರಿ. ನನ್ನ ತಮ್ಮನ್ನ ಹಿಡಕೊಂಡು ಬಂದಾರ್ರಿ.” ಯಾದಗಿರಿ ಕಡೆಯವಳು. ತಮ್ಮನಿಗೆ ಹತ್ತೊಂಬತ್ತು, ಕಟ್ಟಡದ ಕೆಲಸ. ಸೈಟಿನಲ್ಲಿ ಸೆಂಟ್ರಿಂಗ್ ಪ್ಲೇಟು ಕಳುವಾಗಿವೆ ಅಂತ ಕೇಸು. ಟೇಬಲ್ಲನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಅವಳ ಜೊತೆ ಒಳಗೆ ಹೋದೆ.

ಹುಡುಗನನ್ನು ಕಟಕಟೆಯ ಹತ್ತಿರ ನಿಲ್ಲಿಸಿದ್ದರು. ಎಡಗಿವಿ ಬಾತಿತ್ತು. ಮ್ಯಾಜಿಸ್ಟ್ರೇಟ್ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಪೊಲಿಸಾಂವಿರುದ್ಧ ಕಾಹೀ ತಕ್ರಾರ್ ಆಹೇ ಕಾ?” ಹುಡುಗ ಕೈ ಮುಗಿದು, “ತಕರಾರ್ ನಹೀ ಸಾಬ್” ಅಂದ. ಅವರು ಬರೆದುಕೊಂಡರು. ಒಂದು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬಂದಮೇಲೆ ಯಾಕಪ್ಪಾ ಹಾಗಂದೆ ಅಂದರೆ, “ದೊಡ್ಡ ಸಾಹೇಬ್ರ ಮುಂದ ನಾ ಯಾಕ ತಕರಾರ ಮಾಡ್ಲಿ ಅಕ್ಕಾರ?” ಅಂದ.

ನಮಗೆ ತಕರಾರು ಅಂದರೆ ಜಗಳ, ತರಲೆ. ಮರಾಠಿಯಲ್ಲಿ ತಕ್ರಾರ್ ಅಂದರೆ ದೂರು. ಪೊಲೀಸರು ಹೊಡೆದರಾ, ಹೇಳು ಅಂತ ಅವರು ಕೇಳಿದ್ದು. ನಾನು ಜಗಳಗಂಟ ಅಲ್ಲ ಅಂತ ಇವನು ಹೇಳಿದ್ದು. ಆ ಮೇಲೆ ಆ ಕಿವಿಯ ಬಗ್ಗೆ ಕೇಳುವವರು ಯಾರೂ ಇರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೂಲಿ ಕೆಲಸಕ್ಕಾಗಿ ನಾಕಾದ ಮೇಲೆ ನಿಲ್ಲುವವರಿಗೆ, ಹೋಟೆಲಿನಲ್ಲಿ ಮಲಗುವ ಹುಡುಗರಿಗೆ, ಅವರ ಅಕ್ಕತಂಗಿಯರಿಗೆ. ಯಾರು ತಪ್ಪು ಮಾಡಿದ್ದಾರೆ, ಯಾರು ಮಾಡಿಲ್ಲ ಅನ್ನುವುದು ನನ್ನ ಪ್ರಶ್ನೆಯಲ್ಲ. ಮಾಡಿದವನಿಗೂ ಏನು ನಡೆಯುತ್ತಿದೆ ಅಂತ ಅರ್ಥ ಆಗಬೇಕಲ್ವಾ?

ಮೊದಲು ಗಂಟೆ ಬರೆದಿಡಿ

ಸುದ್ದಿ ಬಂದ ಕೂಡಲೇ ಎಲ್ಲರೂ ಗುತ್ತಿಗೆದಾರನಿಗೆ ಫೋನ್ ಹಚ್ಚುತ್ತಾರೆ. ಅವನು ಎತ್ತುವುದಿಲ್ಲ. ಅದರ ಬದಲು ನಿಮ್ಮವರಲ್ಲೇ ಯಾರಿಗಾದರೂ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ: ಎಷ್ಟು ಗಂಟೆಗೆ, ಎಲ್ಲಿಂದ, ಯಾವ ಠಾಣೆಯವರು ಕರೆದುಕೊಂಡು ಹೋದರು, ಯಾರು ನೋಡಿದರು. ಕನ್ನಡದಲ್ಲೇ ಬರೆಯಿರಿ. ಮೆಸೇಜಿನ ಮೇಲೆ ಗಂಟೆ ತಾನಾಗಿ ಬೀಳುತ್ತದೆ, ನಮಗೆ ಬೇಕಾದ್ದು ಅದು.

ಯಾಕೆಂದರೆ ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಕೋರ್ಟಿಗೆ ಹೋಗುವ ಪ್ರಯಾಣದ ಹೊತ್ತು ಮಾತ್ರ ಇದರಲ್ಲಿ ಸೇರುವುದಿಲ್ಲ. ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಆದರೆ ಬೆಳಿಗ್ಗೆ ಹತ್ತಕ್ಕೆ ಎತ್ತಿಕೊಂಡು ಹೋಗಿ, ‘ಸುಮ್ನೆ ಚೌಕಶಿಗೆ (ವಿಚಾರಣೆಗೆ) ಕರೆದಿದ್ದೆವು’ ಅಂದು, ಕಾಗದದಲ್ಲಿ ರಾತ್ರಿ ಒಂಬತ್ತಕ್ಕೆ ಬಂಧನ ತೋರಿಸುವುದು ಉಂಟು. ನಿಮ್ಮ ಮೆಸೇಜು ಆಗ ಮಾತಾಡುತ್ತದೆ.

ಠಾಣೆಗೆ ಒಬ್ಬರೇ ಹೋಗಬೇಡಿ. ಹೋದಮೇಲೆ ಕೂಗಾಡಬೇಡಿ, ಕೇಳಬೇಕಾದ್ದು ಕಡಿಮೆ ಇದೆ. ‘ಅಟಕ್’ ಆಗಿದೆಯೋ, ಬರೀ ನೋಟೀಸೋ? ಅಟಕ್ ಅಂದರೆ ಬಂಧನ. ಸಿ.ಆರ್. ನಂಬರ್ ಎಷ್ಟು? ಅದು ಕೇಸಿನ ನಂಬರು, ಅದಿಲ್ಲದೆ ಯಾವ ವಕೀಲರೂ ಹೆಜ್ಜೆ ಎತ್ತಲಾರರು. ಯಾವ ‘ಕಲಂ’? ಕಲಂ ನಮ್ಮದೇ ಶಬ್ದ, ಕಾನೂನಿನ ಸೆಕ್ಷನ್. ತನಿಖೆ ಮಾಡುವ ಅಧಿಕಾರಿಯ ಹೆಸರು ಏನು?

ಕಲಂ ಯಾಕೆ ಮುಖ್ಯ ಅಂದರೆ, ಏಳು ವರ್ಷದ ತನಕ ಶಿಕ್ಷೆ ಇರುವ ಅಪರಾಧಗಳಲ್ಲಿ ಕಂಡಕಂಡವರನ್ನೆಲ್ಲ ಬಂಧಿಸುವ ಹಾಗಿಲ್ಲ. ಯಾಕೆ ಬಂಧಿಸಬೇಕಾಯಿತು ಅಂತ ಪೊಲೀಸರು ಕಾರಣ ಬರೆಯಬೇಕು. ಕಾರಣ ಇಲ್ಲದಿದ್ದರೆ ನೋಟೀಸು ಕೊಟ್ಟು ಕರೆಸಬೇಕು. ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಕೇಸಿನಲ್ಲಿ ಇದನ್ನು ಬಿಗಿಯಾಗಿ ಹೇಳಿತು. ಹಳೇ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನಲ್ಲಿ (ಸಿ.ಆರ್.ಪಿ.ಸಿ.) ಕಲಂ 41ಎ ಆಗಿದ್ದ ಈ ನೋಟೀಸು, ಅದರ ಬದಲು ಬಂದ ಹೊಸ ಕಾನೂನಿನಲ್ಲಿ (ಬಿ.ಎನ್.ಎಸ್.ಎಸ್.) 35(3). ಮಾಮೂಲಿ ಕಳ್ಳತನಕ್ಕೆ ಇರುವುದು ಮೂರು ವರ್ಷದ ತನಕ. ನಮ್ಮ ಹುಡುಗನಿಗೆ ನೋಟೀಸು ಸಾಕಿತ್ತು. ಆದರೆ ನೋಟೀಸು ಬಂದರೆ ಹೆದರಿ ಊರಿಗೆ ಓಡಬೇಡಿ. ಹೇಳಿದ ದಿನ ಹೋಗಿ. ಹೋಗದಿದ್ದರೆ ಬಂಧಿಸಲು ನೀವೇ ಕಾರಣ ಕೊಟ್ಟ ಹಾಗೆ.

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಮಾಡಬೇಕು.

ನಿಮಗೆ ಬರುವ ಭಾಷೆಯಲ್ಲಿ, ಕಾಗದದ ಮೇಲೆ

ಇದು ಹೊಸದು, ಗೋಡೆಗೆ ಅಂಟಿಸಿಕೊಳ್ಳಿ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ನಮ್ಮ ಮುಂಬೈಯ ವರ್ಲಿಯ ಕಾರು ಅಪಘಾತದ ಕೇಸಿನಿಂದಲೇ ಹೋದದ್ದು. ಯಾವುದೇ ಅಪರಾಧ ಇರಲಿ, ಬಂಧನದ ಕಾರಣವನ್ನು ಬರಹದಲ್ಲಿ ಕೊಡಬೇಕು, ಅದೂ ಬಂಧನವಾದವನಿಗೆ ಅರ್ಥವಾಗುವ ಭಾಷೆಯಲ್ಲಿ. ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ, ಅಂದರೆ ಕಸ್ಟಡಿಯಲ್ಲಿಡಲು ಮ್ಯಾಜಿಸ್ಟ್ರೇಟರ ಅಪ್ಪಣೆ ಕೇಳಲು, ಕರೆತರುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ ಕಾಗದ ಕೈಗೆ ಕೊಡಬೇಕು. ಇಲ್ಲವಾದರೆ ಆ ಬಂಧನ, ಆ ರಿಮಾಂಡು ಕಾನೂನುಬಾಹಿರ.

ಹುಡುಗ ಒಳಗೆ ಹೋದ ನಾಲ್ಕು ತಿಂಗಳ ಮೇಲೆ ಬಂದ ತೀರ್ಪು. ಅವನಿಗೆ ಉಪಯೋಗ ಆಗಲಿಲ್ಲ, ನಿಮಗೆ ಆಗಲಿ. ಕನ್ನಡ ಬಿಟ್ಟು ಬೇರೆ ಓದಲು ಬಾರದವನಿಗೆ ಮರಾಠಿ ಕಾಗದ ಕೊಟ್ಟರೆ, ‘ಇದು ನನಗೆ ಗೊತ್ತಿಲ್ಲದ ಭಾಷೆ’ ಅಂತ ಮ್ಯಾಜಿಸ್ಟ್ರೇಟ್ ಮುಂದೆ ವಕೀಲರಿಂದ ಹೇಳಿಸಿ. ಆದರೆ ಮರಾಠಿ ತಕ್ಕಮಟ್ಟಿಗೆ ಬರುವವರು ಬರುವುದೇ ಇಲ್ಲ ಅಂತ ನಾಟಕ ಆಡಬೇಡಿ. ಅವರು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ.

ಸಹಿಯ ವಿಷಯ. ಬಂಧನದ ಮೆಮೋಕ್ಕೆ ಸಹಿ ಹಾಕಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಮನೆಯವರೋ ಮೊಹಲ್ಲಾದ ಗೌರವಸ್ಥರೋ ಸಾಕ್ಷಿ ಸಹಿ ಹಾಕಬೇಕೆಂದೂ ಇದೆ. ಅಲ್ಲಿ ಬರೆದ ಗಂಟೆ ನೋಡಿಕೊಂಡು ಹಾಕಿ. ಆದರೆ ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ, ಅಂದರೆ ‘ಜಬಾಬ್’ಗೆ, ಸಹಿ ಬೇಕಾಗಿಯೇ ಇಲ್ಲ. ಖಾಲಿ ಹಾಳೆಗಂತೂ ಹೆಬ್ಬೆಟ್ಟೂ ಒತ್ತಬೇಡಿ. ಪೊಲೀಸರ ಮುಂದೆ ‘ನಾನೇ ಮಾಡಿದೆ’ ಅಂದ ಮಾತನ್ನು ಕೋರ್ಟಿನಲ್ಲಿ ತಪ್ಪೊಪ್ಪಿಗೆ ಅಂತ ಸಾಬೀತು ಮಾಡಲಾಗದು. ಇದನ್ನು ಹುಡುಗರಿಗೆ ಮೊದಲೇ ಹೇಳಿಡಿ. ಒಂದು ಸಲ ಒಪ್ಪಿಕೊಂಡ ಮೇಲೆ ಎಲ್ಲಾ ಮುಗೀತು ಅಂದುಕೊಂಡು ಎಷ್ಟೋ ಜನ ವಕೀಲರನ್ನೇ ಕೇಳುವುದಿಲ್ಲ.

ಕಟಕಟೆಯಲ್ಲಿ ಮೂರು ವಾಕ್ಯ

ಮೂರು ವಾಕ್ಯ ಬಾಯಿಪಾಠ ಮಾಡಿಸಿ. ನಾನು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಟೇಬಲ್ಲಿನ ಮೇಲೆ ಇಟ್ಟಿದ್ದೇನೆ, ಬೇಕಾದವರು ಒಯ್ಯುತ್ತಾರೆ.

“ಮಲಾ ಮರಾಠೀ ಸಮಜತ್ ನಾಹೀ, ಕನ್ನಡ ಸಮಜತೇ.” ನನಗೆ ಮರಾಠಿ ತಿಳಿಯುವುದಿಲ್ಲ, ಕನ್ನಡ ತಿಳಿಯುತ್ತದೆ.

“ಮಲಾ ಸರಕಾರೀ ವಕೀಲ್ ನಕೋ, ಮೋಫತ್ ವಕೀಲ್ ಪಾಹಿಜೆ.” ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರು ಬಿಟ್ಟಿ ವಕೀಲರಿಗೆ ‘ಸರಕಾರಿ ವಕೀಲ’ ಅನ್ನುತ್ತಾರೆ. ಕೋರ್ಟಿನಲ್ಲಿ ಸರಕಾರಿ ವಕೀಲ ಅಂದರೆ ಎದುರು ಪಾರ್ಟಿ, ನಿಮ್ಮನ್ನು ಒಳಗೆ ಕಳಿಸಿ ಅಂತ ವಾದಿಸುವವರು. ಒಬ್ಬ ತಾಯಿ ಅವರ ಹತ್ತಿರವೇ ಹೋಗಿ ಮಗನ ಕಥೆಯನ್ನೆಲ್ಲ ಹೇಳಿಕೊಂಡು ಬಂದಿದ್ದಳು. ಪುಣ್ಯಕ್ಕೆ ಆ ವಕೀಲರಿಗೆ ಕನ್ನಡ ಬರುತ್ತಿರಲಿಲ್ಲ.

“ಮಲಾ ಮಾರ್‌ಲಂ.” ನನಗೆ ಹೊಡೆದರು. ಹೊಡೆದಿದ್ದರೆ ಮಾತ್ರ. ಎಲ್ಲಿ ಹೊಡೆದರೋ ಅಲ್ಲಿ ಬೆರಳಿಟ್ಟು ತೋರಿಸಿ. ಬಂಧನವಾದವನಿಗೆ ವೈದ್ಯಕೀಯ ತಪಾಸಣೆ ಆಗಬೇಕು, ಆ ವರದಿಯ ಪ್ರತಿ ಅವನಿಗೆ ಸಿಗಬೇಕು. ಪ್ರಶ್ನೆ ‘ತಕ್ರಾರ್’ ಅಂತಲೇ ಬರುತ್ತದೆ, ನೆನಪಿರಲಿ.

ಇನ್ನೊಂದು ಪ್ರಶ್ನೆ ಸಣ್ಣಪುಟ್ಟ ಕೇಸಿನಲ್ಲಿ ಬರುತ್ತದೆ: “ಗುನ್ಹಾ ಕಬೂಲ್ ಆಹೇ ಕಾ?” ಅಂದರೆ, ಅಪರಾಧ ಒಪ್ಪಿಕೊಳ್ಳುತ್ತೀಯಾ? ಕಬೂಲು ಅಂದುಬಿಟ್ಟರೆ ದಂಡ ಕಟ್ಟಿ ಮನೆಗೆ ಹೋಗಬಹುದು ಅಂತ ಪಕ್ಕದಲ್ಲಿ ನಿಂತವರು ಪಿಸುಗುಟ್ಟುತ್ತಾರೆ. ನಿಜ, ಹೋಗಬಹುದು. ಆದರೆ ಅದು ಶಿಕ್ಷೆಯಾದ ಹಾಗೆ, ದಾಖಲೆಯಲ್ಲಿ ಉಳಿಯುತ್ತದೆ. ವಕೀಲರನ್ನು ಕೇಳದೆ ತಲೆ ಆಡಿಸಬೇಡಿ.

ಬಿಟ್ಟಿ ವಕೀಲರು ನಿಜವಾಗಿ ಬಿಟ್ಟಿಯೇ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗುತ್ತಾರೆ. ಸಂಬಳ ಎಷ್ಟು, ಪ್ರಮಾಣಪತ್ರ ಎಲ್ಲಿ ಅಂತ ಕೇಳುವ ಹಾಗಿಲ್ಲ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಯಾವ ಕೇಸಿನಲ್ಲೂ ಹೀಗೇ. 15100ಕ್ಕೆ ಫೋನ್ ಮಾಡಬಹುದು. ಅದಕ್ಕಿಂತ ಬೇಗ ಆಗುವುದು ಏನೆಂದರೆ, ರಿಮಾಂಡಿನ ಹೊತ್ತಿಗೆ ಕೋರ್ಟಿನಲ್ಲೇ ಇರುವ ಲೀಗಲ್ ಏಡ್ ವಕೀಲರನ್ನು ಹುಡುಕುವುದು. ಬೆಂಚ್ ಕ್ಲರ್ಕ್‌ಗೆ ಕೇಳಿದರೆ ತೋರಿಸುತ್ತಾರೆ.

ಬಿಟ್ಟಿ ವಕೀಲರು ಕೆಲಸ ಮಾಡುವುದಿಲ್ಲ ಅಂತ ಗೇಟಿನ ಹತ್ತಿರ ಎಲ್ಲರೂ ಹೇಳುತ್ತಾರೆ. ಹೇಳುವವರು ಹೆಚ್ಚಾಗಿ ಕಮಿಷನ್ ಏಜೆಂಟರು. ನಾನು ನೋಡಿದ ಹಾಗೆ ಎರಡೂ ಥರ ಇದ್ದಾರೆ, ದುಡ್ಡು ತೆಗೆದುಕೊಳ್ಳುವವರಲ್ಲೂ ಎರಡೂ ಥರ ಇದ್ದಾರೆ. ವ್ಯತ್ಯಾಸ ಆಗುವುದು ಮನೆಯವರಿಂದ. ಸಿ.ಆರ್. ನಂಬರು, ಆಧಾರ್, ಕೆಲಸದ ಜಾಗದ ವಿಳಾಸ, ಊರಿನ ವಿಳಾಸ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟವರ ಕೆಲಸ ಮೊದಲು ಆಗುತ್ತದೆ. ಹುಡುಗನ ಅಕ್ಕ ಹಾಗೇ ಮಾಡಿದಳು. ಹನ್ನೆರಡನೇ ದಿನ ಜಾಮೀನು ಸಿಕ್ಕಿತು.

ಜಾಮೀನು ಸಿಕ್ಕಿತು, ಹುಡುಗ ಬರಲಿಲ್ಲ

ಆದೇಶದಲ್ಲಿ ಇದ್ದದ್ದು: 15,000 ರೂಪಾಯಿಯ ಪಿ.ಆರ್. ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರ. ಪಿ.ಆರ್. ಬಾಂಡು ಅಂದರೆ ‘ನಾನು ಬರುತ್ತೇನೆ’ ಅಂತ ಆರೋಪಿಯೇ ಬರೆದುಕೊಡುವ ಮುಚ್ಚಳಿಕೆ. ದುಡ್ಡು ಕಟ್ಟಬೇಕಾಗಿಲ್ಲ. ತೊಡಕು ಜಾಮೀನುದಾರನದು. ಸಾಮಾನ್ಯವಾಗಿ ಅವನ ರೇಷನ್ ಕಾರ್ಡು, ಆಧಾರ್, ಸಂಬಳದ ಚೀಟಿ ಇಲ್ಲವೇ ಮನೆ ಕಾಗದ ಕೇಳುತ್ತಾರೆ. ಶೆಡ್ಡಿನಲ್ಲಿ ಮಲಗುವವರಿಗೆ ಮುಂಬೈ ರೇಷನ್ ಕಾರ್ಡು ಇರುವ ನೆಂಟ ಎಲ್ಲಿಂದ ಬರಬೇಕು? ಅಕ್ಕ ಮನೆಗೆಲಸ ಮಾಡುವ ಮನೆಗಳಲ್ಲೆಲ್ಲ ಕೇಳಿದಳು. ಎಲ್ಲರೂ ಪಾಪ ಅಂದರು.

ಇಂಥ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಬರುತ್ತಾನೆ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಇಷ್ಟು ಸಾವಿರ ಕೊಡಿ, ಸಾಯಂಕಾಲದೊಳಗೆ ಜಾಮೀನುದಾರ ರೆಡಿ ಅನ್ನುತ್ತಾನೆ. ಕೊಡಬೇಡಿ. ಆ ಬಾಡಿಗೆ ಜಾಮೀನುದಾರನ ರೇಷನ್ ಕಾರ್ಡು ನಕಲಿಯಾಗಿದ್ದರೆ ಜಾಮೀನು ರದ್ದಾಗುತ್ತದೆ, ಮೇಲೆ ಇನ್ನೊಂದು ಕೇಸು.

ಮಾಡಬೇಕಾದ್ದು ಷರತ್ತು ಬದಲಿಸಿಕೊಡಿ ಅಂತ ಅದೇ ಕೋರ್ಟಿಗೆ ಅರ್ಜಿ. ಇದಕ್ಕೆ ಗಟ್ಟಿ ಆಧಾರ ಇದೆ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಅವನ ಜಾಮೀನುದಾರ ಬೇರೆ ಜಿಲ್ಲೆಯವನು ಅಂತ ಕೆಳಗಿನ ಕೋರ್ಟು ಒಪ್ಪಿರಲಿಲ್ಲ, ಕೇಳಿದ್ದು 10,000 ರೂಪಾಯಿ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು 1,000 ರೂಪಾಯಿಯ ಸ್ವಂತ ಬಾಂಡಿಗೆ ಇಳಿಸಿದರು. ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಏನು ಮಾಡಬೇಕು ಅಂತ ತೀರ್ಪಿನಲ್ಲೇ ಕೇಳಿದ್ದಾರೆ. ಕನ್ನಡಿಗ ಅಂತ ಅಲ್ಲಿ ಬರೆದದ್ದನ್ನು ಮೊದಲ ಸಲ ಓದಿದಾಗ ನಾನು ಟೈಪ್ ಮಾಡುವುದು ನಿಲ್ಲಿಸಿ ಎರಡು ಸಲ ಓದಿದ್ದೆ.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನಷ್ಟು ಬಿಡಿಸಿ ಹೇಳಿತು. ಜಾಮೀನು ಆದೇಶವನ್ನು ಅವತ್ತೇ ಅಥವಾ ಮರುದಿನ ಜೈಲಿಗೆ ಇಮೇಲ್ ಮಾಡಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ನೋಡಬಹುದು. ಬಿಡುಗಡೆ ತಡವಾಗುವುದಕ್ಕೆ ಸ್ಥಳೀಯ ಜಾಮೀನುದಾರನೇ ಬೇಕೆನ್ನುವ ಹಟವೂ ಒಂದು ಕಾರಣ, ಅಂಥ ಷರತ್ತು ಹಾಕದಿರಬಹುದು ಅಂತಲೂ ಹೇಳಿತು. ಕಾಗದದಲ್ಲಿ ಎಲ್ಲಾ ಇದೆ. ನಮ್ಮ ಹುಡುಗನ ವಿಷಯದಲ್ಲಿ ಏಳನೇ ದಿನ ಯಾರೂ ಯಾರಿಗೂ ತಿಳಿಸಲಿಲ್ಲ. ನಾವು ಕಾಯುತ್ತಾ ಕೂತದ್ದೇ ತಪ್ಪಾಯಿತು. ನೀವು ಕಾಯಬೇಡಿ, ಎಂಟನೇ ದಿನ ನೀವೇ ಅರ್ಜಿ ಹಾಕಿಸಿ.

ಕೊನೆಗೆ ನಾನೇ ಅರ್ಜಿ ಹೊಡೆದೆ, ಲೀಗಲ್ ಏಡ್ ವಕೀಲರು ವಾದಿಸಿದರು. ಜಾಮೀನುದಾರನ ಬದಲು 10,000 ರೂಪಾಯಿ ಕ್ಯಾಶ್ ಬೇಲ್ ಅಂತ ಆಯಿತು. ನಮ್ಮೂರ ಕಡೆಯ ಒಬ್ಬ ಹೋಟೆಲಿನವರು ಕೊಟ್ಟರು, ತಿಂಗಳಿಗೆ ಸಾವಿರದಂತೆ ತೀರಿಸುವ ಮಾತು. ಹುಡುಗ ಹೊರಗೆ ಬಂದದ್ದು ನಲವತ್ತೊಂದನೇ ದಿನ. ಕ್ಯಾಶ್ ಬೇಲಿನ ಅಸಲಿ ರಸೀದಿ ಜೋಪಾನ. ಕೇಸು ಮುಗಿದಮೇಲೆ ದುಡ್ಡು ವಾಪಸ್ ಬರುವುದು ಅದರ ಮೇಲೆ.

ದುಡ್ಡು ಕೊಡುವ ಹೋಟೆಲಿನವರು ಎಲ್ಲರಿಗೂ ಸಿಗುವುದಿಲ್ಲ. 2023ರಲ್ಲಿ ಬಡ ಕೈದಿಗಳಿಗಾಗಿ ಕೇಂದ್ರ ಸರಕಾರ ಒಂದು ಯೋಜನೆ ಶುರು ಮಾಡಿತು, ಹೆಸರು ‘ಸಪೋರ್ಟ್ ಟು ಪೂರ್ ಪ್ರಿಸನರ್ಸ್’. ಜಾಮೀನು ಸಿಕ್ಕಿಯೂ ದುಡ್ಡಿಲ್ಲದೆ ಒಳಗಿರುವವರಿಗೆ ದುಡ್ಡು ಕಟ್ಟುವ ಯೋಜನೆ, ಶುರುವಾದಾಗ 40,000 ರೂಪಾಯಿ ತನಕ ಇತ್ತು. ಮಾದಕ ವಸ್ತುವಿನಂಥ ಕೆಲವು ಕೇಸುಗಳಿಗೆ ಅನ್ವಯಿಸುವುದಿಲ್ಲ. ಇದರ ಬಗ್ಗೆ ವಕೀಲರನ್ನು, ಜೈಲಿನ ಕಚೇರಿಯನ್ನು ಹೆಸರು ಹಿಡಿದು ಕೇಳಿ. ಬಾಯಿ ಬಿಟ್ಟು ಕೇಳದವರಿಗೆ ಅದು ಇದ್ದೂ ಇಲ್ಲದ ಹಾಗೆ. ಜಾಮೀನು ಕೊಡಲೇಬೇಕಾದ ಸಣ್ಣ ಕೇಸಾದರೆ, ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರ ಸಿಗದವನನ್ನು ಬಡವ ಎಂದೇ ಪರಿಗಣಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕು.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನರು, ಅಪರಾಧ ಸಾಬೀತಾಗದವರು. ಅವರಲ್ಲಿ ನಮ್ಮ ಹುಡುಗನ ಥರದವರು ಎಷ್ಟು ಅಂತ ಈ ಟೇಬಲ್ಲಿನಿಂದ ಊಹಿಸಬಲ್ಲೆ.

ಕ್ಯಾಲೆಂಡರ್ ಇಟ್ಟುಕೊಳ್ಳಿ

ಮ್ಯಾಜಿಸ್ಟ್ರೇಟ್ ಮೊದಲ ಸಲ ಕಸ್ಟಡಿಗೆ ಕೊಟ್ಟ ದಿನವೇ ಒಂದನೇ ದಿನ. ಅಲ್ಲಿಂದ ಎಣಿಸಿ. 60 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಜಾಸ್ತಿ ಶಿಕ್ಷೆ ಇರುವ ಕೇಸಿಗೆ 90 ದಿನ. ಆದರೆ ತಾನಾಗಿ ಬಾಗಿಲು ತೆರೆಯುವುದಿಲ್ಲ. ಅರ್ಜಿ ಹಾಕಬೇಕು, ಅದೂ ಚಾರ್ಜ್‌ಶೀಟ್ ಬರುವ ಮೊದಲು. ಅವಧಿ ಮುಗಿದ ಮಾರನೇ ಬೆಳಿಗ್ಗೆ ಕೋರ್ಟು ತೆರೆಯುವ ಹೊತ್ತಿಗೆ ವಕೀಲರು ಅಲ್ಲಿರಬೇಕು. ಮಧ್ಯಾಹ್ನಕ್ಕೆ ಚಾರ್ಜ್‌ಶೀಟ್ ಬಂದು ಕೈ ತಪ್ಪಿದ್ದನ್ನು ನೋಡಿದ್ದೇನೆ.

ಹೊಸ ಕಾನೂನಿನಲ್ಲಿ ಇನ್ನೊಂದು ಒಳ್ಳೆಯದಿದೆ, ಕಲಂ 479. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು ಈಗಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿಯ ಕೇಸಿಗಿಲ್ಲ, ಒಂದಕ್ಕಿಂತ ಜಾಸ್ತಿ ಕೇಸು ಇರುವವರಿಗೂ ಇಲ್ಲ. ಹಳೇ ಕೇಸುಗಳಿಗೂ ಇದು ಅನ್ವಯಿಸುತ್ತದೆ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಹೊಸ ಕಾನೂನು ಅಂದೆ. 2024ರ ಜುಲೈ 1ಕ್ಕೆ ಅದು ಬಂದಾಗ ನಾನು ಎರಡು ರಾತ್ರಿ ಕೂತು ಲ್ಯಾಪ್‌ಟಾಪಿನಲ್ಲಿದ್ದ ಅರ್ಜಿಗಳ ನಂಬರು ಬದಲಿಸಿದೆ. ಜಾಮೀನು ಅರ್ಜಿಯ ಕಲಂ 437 ಹೋಗಿ 480, 439 ಹೋಗಿ 483. ಮೊದಲು 482 ಅಂದರೆ ಹೈಕೋರ್ಟಿನ ವಿಶೇಷ ಅಧಿಕಾರ, ಈಗ 482 ಅಂದರೆ ನಿರೀಕ್ಷಣಾ ಜಾಮೀನು. ವಕೀಲರೇ ತಡವರಿಸುತ್ತಿದ್ದರು. ಸುಧಾರಣೆ ಅಂದರೆ ನನಗೆ ನಂಬರು ನೆನಪಾಗುತ್ತದೆ. ಒಂದೊಂದು ಠಾಣೆಯಲ್ಲಿ ಕನ್ನಡ, ತೆಲುಗು, ಬಂಗಾಳಿ, ಭೋಜಪುರಿಯಲ್ಲಿ ಒಂದೊಂದು ಹಾಳೆ ಅಚ್ಚು ಹಾಕಿಸಿ ಇಟ್ಟಿದ್ದರೆ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಜಾಸ್ತಿ ಕೆಲಸ ಆಗುತ್ತಿತ್ತು.

ದೂರು ಕೊಡುವವರು ನೀವಾದರೆ

ಚುಟುಕಾಗಿ ಹೇಳುತ್ತೇನೆ. ಕೂಲಿ ಕೇಳಿದ್ದಕ್ಕೆ ಹೊಡೆದರು, ಹೆಂಗಸರ ಮೈ ಮುಟ್ಟಿದರು ಅಂಥದ್ದಾದರೆ, ‘ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ’ ಅಂತ ಠಾಣೆಯವರು ವಾಪಸ್ ಕಳಿಸುವ ಹಾಗಿಲ್ಲ. ಝೀರೋ ಎಫ್.ಐ.ಆರ್. ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಪ್ರತಿ ನಿಮಗೆ ಪುಕ್ಕಟೆ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಮೇಲಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ರಸೀದಿ ಇಟ್ಟುಕೊಂಡು ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ.

ಹೊರಗೆ ಬಂದಮೇಲೆ

ಜಾಮೀನು ಸಿಕ್ಕ ದಿನ ಕೇಸು ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಗಿದಿಲ್ಲ, ಆಮೇಲೆ ಬರುವುದು ತಾರೀಖು. ಒಂದು ತಾರೀಖು ತಪ್ಪಿದರೆ ವಾರಂಟು, ಜಾಮೀನು ರದ್ದು, ಇನ್ನೊಮ್ಮೆ ಮೊದಲಿನಿಂದ. ವಕೀಲರ ಹತ್ತಿರ ಸಿ.ಎನ್.ಆರ್. ನಂಬರು, ಅಂದರೆ ಕೋರ್ಟು ಕೇಸಿಗೆ ಕೊಡುವ ನಂಬರು, ಕೇಳಿ ಬರೆದುಕೊಳ್ಳಿ, ಹದಿನಾರು ಅಕ್ಷರ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ಊರಿಗೆ ಹೋಗಲೇಬೇಕಾದರೆ ಜಾಮೀನಿನ ಷರತ್ತು ಓದಿಸಿಕೊಂಡು ಹೋಗಿ. ನಗರ ಬಿಟ್ಟು ಹೋಗಬಾರದು ಅಂತ ಇದ್ದರೆ ಮೊದಲು ಅನುಮತಿ.

ನಮ್ಮ ಹುಡುಗ ಅನುಮತಿ ತೆಗೆದುಕೊಂಡೇ ಹತ್ತಿ ಬಿಡಿಸುವ ಹೊತ್ತಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ. ಆ್ಯಪು ಅವನಿಗೆ ಬರುವುದಿಲ್ಲ, ನನಗೇ ಫೋನ್ ಮಾಡುತ್ತಾನೆ. ಮೊನ್ನೆಯೂ ಮಾಡಿದ್ದ. “ಅಕ್ಕಾರ, ತಾರೀಕ ಹದಿನಾಲ್ಕೋ ಹದಿನೈದೋ?” ನೋಡಿ ಹೇಳಿದೆ, ಹದಿನಾಲ್ಕು. ಹದಿಮೂರರ ಬೆಳಿಗ್ಗೆ ದಾದರ್‌ನಲ್ಲಿ ಇಳಿಯುತ್ತೇನೆ ಅಂದ. ಕಿವಿ ಹೇಗಿದೆ ಅಂತ ಕೇಳಿದೆ. ಆ ಕಡೆಯಿಂದ ಫೋನ್ ಹಿಡಿದರೆ ಇನ್ನೂ ಸರಿಯಾಗಿ ಕೇಳುವುದಿಲ್ಲವಂತೆ.